ಎಲ್ಲಿಗೂ ಹೋಗದ ಹುಡುಗಿ

ನಮ್ಮ ಓಣಿಯಲ್ಲಿ ಹೆಣ್ಣು ಕೇಳಲು ಬರುವವರು ಮೊದಲು ಹೆಣ್ಣಿನ ಮನೆಗೆ ಬರುವುದಿಲ್ಲ. ಓಣಿಯ ಬಾಯಲ್ಲಿರುವ ಹಿಟ್ಟಿನ ಗಿರಣಿಗೆ ಬರುತ್ತಾರೆ. ಯಾರದೋ ಮನೆ ಹುಡುಕುತ್ತಿರುವವರಂತೆ ನಿಂತು, ನೀರು ಕೇಳಿ ಕುಡಿದು, ತಂಬಿಗೆ ವಾಪಸ್ ಕೊಡುವಾಗ ಮೆಲ್ಲಗೆ ಕೇಳುತ್ತಾರೆ: “ಆ ಮನಿ ಹುಡುಗಿ ಹೆಂಗರಿ?” ಗಿರಣಿ ನಡೆಸುವ ಹೆಂಗಸನ್ನು ನಾವೆಲ್ಲ ಗಿರಣಿಯಕ್ಕ ಎನ್ನುತ್ತೇವೆ. ಆಕೆ ಹುಬ್ಬಿನ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿಕೊಂಡು, ಸ್ವಲ್ಪ ಯೋಚಿಸಿದಂತೆ ಮಾಡಿ, ಯಾವ ಹುಡುಗಿಯ ಬಗ್ಗೆ ಕೇಳಿದರೂ ಹೇಳುವ ಮಾತು ಒಂದೇ: “ಬಂಗಾರದಂಥಾ ಹುಡುಗಿ ಬಿಡ್ರಿ. ಎಲ್ಲೀಗೂ ಹೋದಾಕಿ ಅಲ್ಲ.”

ಇದನ್ನು ಯಾರೂ ಸುಳ್ಳು ಎಂದು ತಿಳಿಯುವುದಿಲ್ಲ. ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸಿದ ಹಾಗೆ ಇದೂ ಒಂದು ಕೊಡು-ಕೊಳ್ಳುವಿಕೆ. ಇಂದು ನಮ್ಮ ಹುಡುಗಿಯ ಬಗ್ಗೆ ಆಕೆ, ನಾಳೆ ಆಕೆಯ ಮಗಳ ಬಗ್ಗೆ ನಾವು.

ನನ್ನನ್ನೂ ಹೀಗೇ ಕೇಳಿಕೊಂಡು ಹೋಗಿದ್ದರು. ನಾನು ಕಲಬುರಗಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ನಮ್ಮ ಪಕ್ಕದ ಮನೆಯಾಕೆ, ನಾನು ಎರಡೂ ಕೈಯಲ್ಲಿ ಜೋಳದ ರೊಟ್ಟಿ ಬಡಿಯುತ್ತೇನೆ, ಇಂಗ್ಲಿಷು ಮರೆತೇ ಹೋಗಿದೆ ಎಂದು ಹೇಳಿದ್ದಳಂತೆ. ಮದುವೆಯಾಗಿ ಬಂದ ವಾರದಲ್ಲೇ ನನ್ನ ರೊಟ್ಟಿ ನೋಡಿ ಅತ್ತೆ ಅದನ್ನು ಬೆಳಕಿಗೆ ಹಿಡಿದರು. ನಡುವೆ ತೂತು, ಅಂಚು ಹರಿದು ಜೋತು ಬಿದ್ದಿತ್ತು. “ನಿಮ್ಮ ಮಗ್ಗಲ ಮನಿಯಾಕಿನ್ನ ಕರಸು. ಅಕಿನೇ ಬಡದು ಕೊಡ್ಲಿ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಲೆಯ ಮುಂದೆ ಕೂತಿದ್ದರಿಂದ ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ ಎಂದು ಹೇಳಲು ಅನುಕೂಲವಾಯಿತು.

ನನ್ನ ಗಂಡ ಕಾಲುವೆ ಕಚೇರಿಯಲ್ಲಿ ಗುಮಾಸ್ತರು. ಮೊದಲು ನಾರಾಯಣಪುರದ ಕ್ವಾರ್ಟರ್ಸಿನಲ್ಲಿದ್ದೆವು, ಆಮೇಲೆ ಶಹಾಪುರಕ್ಕೆ ವರ್ಗವಾಗಿ ಇಲ್ಲೇ ಸಣ್ಣ ಮನೆ ಮಾಡಿಕೊಂಡೆವು. ಮಾವ ನಾನು ಬರುವ ಮೊದಲೇ ತೀರಿಹೋಗಿದ್ದರು. ಮನೆಯಲ್ಲಿ ಅತ್ತೆ, ನಾವಿಬ್ಬರು, ಆಮೇಲೆ ಹುಟ್ಟಿದ ನನ್ನ ಮಗಳು, ಮತ್ತು ನನ್ನ ನಾದಿನಿ. ನಾನು ಬಂದಾಗ ಆಕೆ ಎರಡು ಜಡೆಯ ಹುಡುಗಿ. ನಾನು ಟ್ರಂಕಿನಲ್ಲಿ ಬಚ್ಚಿಟ್ಟಿದ್ದ ಇಂಗ್ಲಿಷ್ ಪುಸ್ತಕಗಳನ್ನು ಮೊದಲು ಕಂಡುಹಿಡಿದವಳು ಆಕೆಯೇ. ಬೇಳೆ ಆರಿಸುತ್ತ ನಾನು ಹೇಳಿಕೊಟ್ಟೆ, ಬೆಳ್ಳುಳ್ಳಿ ಸುಲಿಯುತ್ತ ಆಕೆ ಕಲಿತಳು. ಇಂದಿಗೂ ಆಕೆ ಇಂಗ್ಲಿಷಿನ ‘ಎಫ್’ ಅಕ್ಷರವನ್ನು ನಮ್ಮ ಸಿಸ್ಟರ್ ಕಲಿಸಿದ ಹಾಗೆ ಬಾಲ ಬಾಗಿಸಿ ಬರೆಯುತ್ತಾಳೆ. ಈಗ ಬರೆಯುವುದು ಕಿರಾಣಿ ಚೀಟಿಯ ಹಿಂದೆ, ಸುಮ್ಮನೆ, ಪೆನ್ನು ನಡೆಯುತ್ತದೆಯೋ ಎಂದು ನೋಡಲು.

ಕಾಲುವೆಗೆ ನೀರು ಬಿಡುವ ದಿನಗಳಲ್ಲಿ ಗೇಟುಗಳ ಹತ್ತಿರ ಪೊಲೀಸರನ್ನು ಕೂರಿಸುತ್ತಿದ್ದರು. ಮೇಲಿನ ಊರಿನವರು ಗೇಟು ಎತ್ತಿ ನೀರು ಎಳೆದುಕೊಂಡರೆ ಕೊನೆಯ ಊರಿಗೆ ಕೆಸರೂ ತಲುಪುವುದಿಲ್ಲ. ಅದಕ್ಕೆ ಬಡಿದಾಟ. ಯಾದಗಿರಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವಾಗ ನಾದಿನಿ ಇದನ್ನೆಲ್ಲ ನೋಡುತ್ತಿದ್ದಳು. ಒಂದು ಸಂಜೆ ಬಂದವಳೇ ಚಪ್ಪಲಿ ಬಿಡುವ ಮೊದಲು ಕೇಳಿದಳು: “ವೈನಿ, ಅವ್ರು ನೀರು ಕಾಯಾಕತ್ತಾರೋ, ಮಂದಿನ್ನ ಕಾಯಾಕತ್ತಾರೋ?”

ನಾನು ಏನು ಹೇಳಿದೆನೋ ನೆನಪಿಲ್ಲ. ಆ ಪ್ರಶ್ನೆಯನ್ನೇ ಹಿಡಿದುಕೊಂಡು ಆಕೆ ದಿಲ್ಲಿಯ ತನಕ ಹೋದಳು. ಅಂತರರಾಷ್ಟ್ರೀಯ ಭದ್ರತೆ ಎಂಬ ವಿಷಯದಲ್ಲಿ ಎಂ.ಎ. ಮಾಡುವುದು, ಗಡಿ ದಾಟಿ ಹರಿಯುವ ನದಿಗಳ ಜಗಳಗಳನ್ನು ಓದುವುದು, ಅದರಲ್ಲೇ ಸರಕಾರಿ ನೌಕರಿ ಹಿಡಿಯುವುದು ಆಕೆಯ ಆಸೆ. ಸೀಟು ಸಿಕ್ಕಿತು, ಸ್ಕಾಲರ್‌ಶಿಪ್ಪೂ ಬಂತು. ಅತ್ತೆಗೆ ತಿಳಿಸಿ ಹೇಳುವುದೇ ಕಷ್ಟವಾಯಿತು.

“ದೇಶ ದೇಶಕ್ಕ ಜಗಳ ಹತ್ತದಂಗ ನೋಡ್ಕೊಳ್ಳೋ ಓದು ಅವ್ವ ಇದು.”

“ಅಣ್ಣತಮ್ಮರ ಬದುವಿನ ಜಗಳ ಬಿಡಸಾಕ ಯಾರ ಕೈಲೆ ಆಗಿಲ್ಲ. ನೀ ದೇಶದ್ದು ಬಿಡಸ್ತಿ? ಮೊದಲ ಆ ಹಾಲು ಉಕ್ಕಾಕತ್ತದ ನೋಡು.”

ಹಾಲು ಉಕ್ಕಿಯೇ ಹೋಯಿತು.

ಕಾಲುವೆ ಬರುವ ಮೊದಲು ಈ ಕಡೆಯ ಹೆಂಗಸರು ಹೊಲಕ್ಕೆ, ಸಂತೆಗೆ, ಎಲ್ಲಿಗೆ ಬೇಕಾದರೂ ಹೋಗುತ್ತಿದ್ದರಂತೆ. ಅತ್ತೆಯೇ ತಲೆ ಮೇಲೆ ಬುತ್ತಿ ಹೊತ್ತು ಹರದಾರಿಗಟ್ಟಲೆ ನಡೆದವರು. ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಗದ್ದೆಯವರ ಮನೆಗೆ ತಾರಸಿ ಬಂತು, ಮತ್ತು ತಾರಸಿ ಮನೆಯ ಹೆಣ್ಣು ಹೊರಗೆ ಕಾಣಬಾರದು ಎಂಬುದೂ ಬಂತು. ಹೊಲಕ್ಕೆ ಹೋಗುವ ಹೆಣ್ಣು ಎಂದರೆ ನೀರಿಲ್ಲದ ಮನೆಯ ಹೆಣ್ಣು. ಮನೆಯಲ್ಲಿರುವ ಹೆಣ್ಣು ಎಂದರೆ ಕಾಲುವೆ ಕೆಳಗೆ ಜಮೀನಿದ್ದವರ ಹೆಣ್ಣು. ಗುಮಾಸ್ತನ ತಂಗಿಗೆ ಜಮೀನಿಲ್ಲದಿದ್ದರೂ ಜಮೀನಿದ್ದವರ ಮನೆಗೆ ಕೊಡಬೇಕೆಂಬ ಆಸೆ ಅತ್ತೆಯದು. ಹಾಗಾಗಿ ಎಲ್ಲಿಗೂ ಹೋಗದಿರುವುದೇ ನಮ್ಮ ಹುಡುಗಿಯ ಆಸ್ತಿ.

ಕೊನೆಗೆ ನನ್ನ ಗಂಡ ಹಟ ಹಿಡಿದದ್ದಕ್ಕೆ ಅತ್ತೆ ಒಪ್ಪಿದರು, ಒಂದು ಷರತ್ತಿನ ಮೇಲೆ. ದಿಲ್ಲಿ ಎಂಬ ಮಾತು ಓಣಿಯಲ್ಲಿ ಬರಕೂಡದು. ಸುರಪುರದಲ್ಲಿ ನಾದಿನಿಯ ಸೋದರತ್ತೆ ಇದ್ದರು, ಮಾವನವರ ತಂಗಿ. ಅವರಿಗೆ ಲಕ್ವಾ ಹೊಡೆದು ಒಂದು ಕೈ ಬಿದ್ದಿತ್ತು. ಹುಡುಗಿ ಅವರನ್ನು ನೋಡಿಕೊಳ್ಳಲು ಸುರಪುರದಲ್ಲಿದ್ದಾಳೆ ಎಂದಾಯಿತು. ಓಣಿಗೆಲ್ಲ ನಿಜ ಗೊತ್ತಿತ್ತು. ಗೊತ್ತಿಲ್ಲದಂತೆ ಇರುವುದೂ ಗೊತ್ತಿತ್ತು.

ದಿಲ್ಲಿಯ ರೈಲು ಯಾದಗಿರಿಯಲ್ಲಿ ನಿಲ್ಲುತ್ತದೆ. ರಜೆಗೆ ಬಂದಾಗ ಆಕೆ ಸ್ಟೇಶನ್ನಿನಲ್ಲಿ ಜೀನ್ಸು ಬಿಚ್ಚಿ ಚೂಡಿದಾರ ತೊಟ್ಟು, ಸುರಪುರದ ಬಸ್ಸು ಹತ್ತಬೇಕಿತ್ತು. ಆ ಬಸ್ಸು ನಮ್ಮ ಶಹಾಪುರದ ಮೇಲೆಯೇ ಹೋಗುವುದು. ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಆಕೆ ದುಪಟ್ಟಾ ಮುಖಕ್ಕೆ ಎಳೆದುಕೊಂಡು, ಮುಂದಿನ ಸೀಟಿಗೆ ಹಣೆ ಹಚ್ಚಿ ಮಲಗಿದಂತೆ ಕೂರುತ್ತಿದ್ದಳು. ಮನೆ ಮುಂದಿದ್ದರೂ ಇಳಿಯುವಂತಿಲ್ಲ. ಸುರಪುರಕ್ಕೆ ಹೋಗಿ, ಸೋದರತ್ತೆಯನ್ನು ಮಾತಾಡಿಸಿ, ಅಲ್ಲಿಂದ ಶಹಾಪುರದ ಬಸ್ಸು ಹಿಡಿದು ಬರಬೇಕು. ಸುರಪುರದ ಬಸ್ಸಿನಿಂದ ಇಳಿದದ್ದನ್ನು ನಾಲ್ಕು ಜನ ನೋಡಬೇಕು.

“ನಮ್ಮ ಪುಸ್ತಕದಾಗ ಇದಕ್ಕ ಬ್ಯಾರೆ ಹೆಸರದ ವೈನಿ” ಎಂದು ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದಳು. “ಗಡಿ ನುಸುಳೋದು ಅಂತಾರ.”

ಆಗ ನಗು ಬರುತ್ತಿತ್ತು ಇಬ್ಬರಿಗೂ.

ಓದು ಮುಗಿಯುವ ಹೊತ್ತಿಗೆ ದಿಲ್ಲಿಯ ಒಂದು ಸರಕಾರಿ ಕಚೇರಿಯ ಕೆಲಸಕ್ಕೆ ಆಕೆಯ ಆಯ್ಕೆಯಾಯಿತು. ಗಡಿಯಾಚೆಗೆ ಹರಿಯುವ ನದಿಗಳ ಬಗ್ಗೆ ವರದಿ ಬರೆಯುವ ವಿಭಾಗ. ಪರೀಕ್ಷೆ ಆಗಿತ್ತು, ಸಂದರ್ಶನ ಆಗಿತ್ತು. ಉಳಿದದ್ದು ಪೊಲೀಸ್ ವಿಚಾರಣೆ ಒಂದೇ. ಅಂಥ ಕಚೇರಿಗೆ ತೆಗೆದುಕೊಳ್ಳುವವರ ಊರಿಗೆ ಬಂದು, ಅರ್ಜಿಯಲ್ಲಿ ಬರೆದದ್ದು ಖರೆಯೋ ಎಂದು ಕೇಳಿ ಹೋಗುತ್ತಾರಂತೆ. ಫೋನಿನಲ್ಲಿ ಆಕೆಯ ದನಿ ಹಾರುತ್ತಿತ್ತು. “ಮನಿಗೆ ಪೊಲೀಸ್ರು ಬಂದ್ರ ಹೆದರಬ್ಯಾಡ್ರಿ ಅಂತ ಅವ್ವಗ ಹೇಳು ವೈನಿ. ಇದ್ದದ್ದ ಹೇಳಿದ್ರ ಸಾಕು.” ಇದು ಆಗದಿದ್ದರೆ ವಾಪಸ್ ಬಂದು ಅವ್ವ ತೋರಿಸಿದವನನ್ನು ಮದುವೆಯಾಗುತ್ತೇನೆ ಎಂದು ಆಕೆ ಮಾತು ಕೊಟ್ಟಿದ್ದಳು. ಸಗರದ ಒಂದು ಮನೆಯವರು ಆಗಲೇ ಹೇಳಿ ಕಳಿಸಿದ್ದರು. ಕಾಲುವೆಯ ಮಗ್ಗುಲಿನ ಜಮೀನು, ತಾರಸಿ ಮನೆ.

ನಾವು ಖಾಕಿ ಬಟ್ಟೆಯ ದಾರಿ ನೋಡುತ್ತಿದ್ದೆವು. ಅತ್ತೆ ಅಂಗಳದ ಕುರ್ಚಿಗೆ ಹೊಸ ಹಗ್ಗ ಹೆಣೆಸಿದ್ದರು. ಆ ವಾರ ನನ್ನ ತಂದೆಯ ಕಣ್ಣಿನ ಆಪರೇಷನ್ನಿಗೆಂದು ನಾನು ಕಲಬುರಗಿಗೆ ಹೋಗಬೇಕಾಯಿತು. ವಾಪಸ್ ಬಂದಾಗ ಮನೆಯಲ್ಲಿ ಅವಲಕ್ಕಿ ಒಗ್ಗರಣೆಯ ವಾಸನೆ. ದಿವಾನದ ಮೇಲೆ ನನ್ನ ಮದುವೆಯ ಕಸೂತಿ ಚಾದರ ಹಾಸಿತ್ತು.

“ಯಾರು ಬರೋರದಾರ ಅತ್ತಿ?”

“ಬರ್ತಾರ ಬರ್ತಾರ. ಗಿರಣಿಗೆ ಬಂದು ಕೇಳಿ ಹೋಗ್ಯಾನ” ಎಂದರು ಅತ್ತೆ. ಮಾವ ತೀರಿದ ಮೇಲೆ ಮುಟ್ಟದ ಎಲೆ-ಅಡಿಕೆಯನ್ನು ಅಂದು ಹಾಕಿಕೊಂಡಿದ್ದರು. ತುಟಿ ಕೆಂಪಾಗಿತ್ತು.

ನಾನು ಜೋಳದ ಡಬ್ಬಿ ಹಿಡಿದುಕೊಂಡು ಗಿರಣಿಗೆ ಹೋದೆ. ಗಿರಣಿಯಕ್ಕನ ಮುಖವೂ ಹಬ್ಬದಂತಿತ್ತು.

“ಬಾ ಬಾ ಕಾನ್ವೆಂಟವ್ವ. ನಿನ್ನ ನಾದಿನಿ ಕೆಲಸ ಹಣ್ಣು ಮಾಡಿ ಇಟ್ಟೇನಿ. ಬರೇ ಬೀಳೋದು ಬಾಕಿ. ಹುಡುಗನ ಕಡ್ಯಾಂವ ಇರಬೇಕು, ಮೋಟರ್ ಸೈಕಲ್ ಮ್ಯಾಲ ಬಂದಿದ್ದ. ಏನು ಬೂಟು, ಏನು ಮೀಸಿ! ಬಿಡದಂಗ ಕೇಳ್ದ ನೋಡು.”

“ಏನ್ ಕೇಳ್ದ ಅಕ್ಕ?”

“ಏನ್ ಕೇಳ್ತಾರ? ಹುಡುಗಿ ನಡತಿ ಹೆಂಗ, ಯಾರ ಜೋಡಿ ಸೇರ್ತಾಳ, ಹೊರಗ ಎಲ್ಲೆಲ್ಲಿ ಇದ್ಲು, ಎಷ್ಟು ವರ್ಷ ಇದ್ಲು. ನಾ ಹೇಳ್ದೆ, ‘ಎಲ್ಲೀಗೂ ಹೋದಾಕಿ ಅಲ್ರಿ. ಆಡಿದ್ದು ಈ ಓಣ್ಯಾಗ, ಬೆಳದದ್ದು ಈ ಓಣ್ಯಾಗ. ಹೋದ್ರ ಸುರಪುರ, ಅದೂ ಸೋದರತ್ತಿ ಸೇವಾ ಮಾಡಾಕ.’ ‘ದಿಲ್ಲಿಗೆ ಹೋಗ್ಯಾಳಂತಲ್ರಿ’ ಅಂದ. ಯಾರೋ ಕಿವಿ ಊದ್ಯಾರ ನೋಡು! ನಾ ಬಿಡ್ತೇನಿ? ‘ದಿಲ್ಲಿ ಅಲ್ಲ, ಯಾದಗಿರಿ ಸ್ಟೇಶನ್ ಸುದ್ದಾ ನೋಡಿಲ್ರಿ ಅಕಿ’ ಅಂದೆ. ಮುಂದಿನ ಮನಿಯಾಕಿನೂ ಹೊರಗ ಬಂದು ಹೌದ್ರಿ ಹೌದ್ರಿ ಅಂದ್ಲು. ಕೋರ್ಟು, ಪೊಲೀಸು ಅಂತ ಏನರ ತಕರಾರು ಅದಾವೇನು ಅಂತನೂ ಕೇಳ್ದ.”

ಗಿರಣಿಯ ಬೆಲ್ಟು ಸುತ್ತುತ್ತಲೇ ಇತ್ತು. ನನ್ನ ಡಬ್ಬಿಯನ್ನು ಆಕೆ ತೆಗೆದುಕೊಂಡು ಜೋಳ ಸುರಿದಳು. ಹಿಟ್ಟು ಬಿಸಿಯಾಗಿ ಬೀಳತೊಡಗಿತು. ನಾನು ಕೇಳಿದೆ: “ಹೆಣ್ಣು ನೋಡಾಕ ಬಂದಾಂವ ಕೋರ್ಟಿನ ಸುದ್ದಿ ಯಾಕ ಕೇಳ್ತಾನ ಅಕ್ಕ?”

“ಅಯ್ಯ, ಕಾಲುವಿ ಮಂದಿ ಹಂಗ ಈಗ. ಆಸ್ತಿ ತಕರಾರು ಇದ್ರ ಹೆಣ್ಣು ಒಲ್ಲಂತಾರ.”

ಹಿಟ್ಟು ತುಂಬಿದ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಮನೆಗೆ ಬಂದೆ. ಆ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಕೇಳಿಕೊಂಡೆ. ನಡತೆ ಹೇಗೆ, ಯಾರ ಜೊತೆ ಸೇರುತ್ತಾಳೆ, ಎಲ್ಲಿ ಇದ್ದಳು. ಗಂಡಿನ ಕಡೆಯವರು ಕೇಳುವುದೂ ಇದನ್ನೇ, ಪೊಲೀಸರು ಕೇಳುವುದೂ ಇದನ್ನೇ. ಗಿರಣಿಯಕ್ಕ ತಪ್ಪು ತಿಳಿದುಕೊಂಡದ್ದರಲ್ಲಿ ಆಶ್ಚರ್ಯವೇನಿದೆ? ಹೆಣ್ಣಿನ ಬಗ್ಗೆ ಬೇರೆ ಏನನ್ನಾದರೂ ಕೇಳುತ್ತಾರೆ ಎಂದು ಆಕೆಗೆ ಗೊತ್ತಾಗುವುದಾದರೂ ಹೇಗೆ?

ಗಂಡ ಕಚೇರಿಯಿಂದ ಬಂದು ಕೈಕಾಲು ತೊಳೆಯುವಾಗಲೇ ಹೇಳಿದೆ. ತಂಬಿಗೆ ಅವರ ಕೈಯಲ್ಲೇ ಉಳಿಯಿತು. ಮರುದಿನ ರಜೆ ಹಾಕಿ ಯಾದಗಿರಿಯ ಪೊಲೀಸ್ ಕಚೇರಿಗೆ ಹೋದರು. ಅಲ್ಲಿ ಒಬ್ಬ ಒಳ್ಳೆಯ ಅಧಿಕಾರಿ ಸಿಕ್ಕಿದ್ದರಂತೆ. ಅರ್ಜಿಯಲ್ಲಿ ದಿಲ್ಲಿಯ ಹಾಸ್ಟೆಲ್ಲು ಎಂದಿದೆ, ಊರಿನವರೆಲ್ಲ ಹುಡುಗಿ ಊರು ಬಿಟ್ಟೇ ಇಲ್ಲ ಎನ್ನುತ್ತಾರೆ, ಹಾಗಾದರೆ ಯಾವುದು ಸುಳ್ಳು ಎಂದು ಕೇಳಿದರಂತೆ. ಇವರು ಓಣಿಯ ಪದ್ಧತಿಯನ್ನು ವಿವರಿಸಿದಾಗ ಅವರು ನಕ್ಕು, “ನಮ್ಮ ಊರಾಗೂ ಹಂಗ ಅದರಿ” ಎಂದರಂತೆ. ವರದಿ ಇನ್ನೂ ದಿಲ್ಲಿಗೆ ಹೋಗಿರಲಿಲ್ಲ. ಗಿರಣಿಗೆ ಬಂದಿದ್ದ ಪೊಲೀಸನೇ ಇನ್ನೊಮ್ಮೆ ಬರುತ್ತಾನೆ, ಈ ಸಲ ಮನೆಗೇ, ತಾಯಿ ಮತ್ತು ಅಕ್ಕಪಕ್ಕದವರು ಇದ್ದದ್ದನ್ನು ಇದ್ದ ಹಾಗೆ ಹೇಳಲಿ ಎಂದರು.

ಅಷ್ಟೇ ಬೇಕಾಗಿದ್ದದ್ದು. ಹುಡುಗಿ ದಿಲ್ಲಿಯಲ್ಲಿ ಓದಿದಳು ಎಂಬ ಒಂದು ಮಾತು.

ಗಿರಣಿಯಕ್ಕನ ಮುಂದೆ ನಾನೇ ಹೋಗಿ ಕೂತೆ. ಆಕೆ ತಲೆಯ ಮೇಲೆ ಕೈ ಹೊತ್ತಳು. ಮಾಡಿದ್ದಕ್ಕೆ ನಿಜವಾಗಿಯೂ ಅತ್ತಳು, ಹಿಟ್ಟಿನ ಕೆನ್ನೆಯ ಮೇಲೆ ಎರಡು ಗೆರೆ ಮೂಡಿದವು. ಆದರೆ ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಹೇಳಿದಳು: “ತಂಗಿ, ನನ್ನ ಮಗಳಿಗೆ ರಾಮಸಮುದ್ರದವ್ರು ಬರೋರದಾರ. ನಿಮ್ಮ ಅತ್ತಿ ಅವ್ರ ಮುಂದ ನಮ್ಮ ಹುಡುಗಿ ಹೊಗಳ್ಯಾರ. ಈಗ ನಾ ಪೊಲೀಸನ ಮುಂದ ನಿಂತು, ‘ಮೊನ್ನಿ ಹೇಳಿದ್ದು ಸುಳ್ಳರಿ’ ಅಂದ್ರ, ಈ ಓಣಿ ಮಾತಿಗೆ ಏನ್ ಬೆಲಿ ಉಳೀತು? ನಿಮ್ಮ ಅತ್ತಿ ಮೊದಲ ಹೇಳ್ಲಿ. ಅವ್ರ ಹಿಂದ ನಾ ಹೇಳ್ತೇನಿ.”

ಅತ್ತೆ ಮಗನಿಗೆ ಮಾತು ಕೊಟ್ಟರು. “ಆತಪ್ಪ, ಇದ್ದದ್ದ ಹೇಳ್ತೇನಿ. ನಾ ಏನ್ ವೈರಿ ಏನು ಅಕಿಗೆ?”

ವಿಷಯ ತಿಳಿದು ನಾದಿನಿ ದಿಲ್ಲಿಯಿಂದ ಹೊರಟು ಬಂದಳು. ಅಂದು ಆಕೆ ಸುರಪುರಕ್ಕೆ ಹೋಗಲಿಲ್ಲ. ಯಾದಗಿರಿಯ ಬಸ್ಸಿನಿಂದ ಶಹಾಪುರದಲ್ಲೇ ಇಳಿದು, ಜೀನ್ಸಿನಲ್ಲೇ, ಬೆನ್ನಿಗೆ ಚೀಲ ಹಾಕಿಕೊಂಡು, ಬೆಳಗಿನ ಬಿಸಿಲಲ್ಲಿ ಓಣಿಯ ನಡುವೆ ನಡೆದು ಬಂದಳು. ಗಿರಣಿ ಮುಂದೆ ಡಬ್ಬಿ ಹಿಡಿದು ನಿಂತವರೆಲ್ಲ ನೋಡಿದರು. ಆಕೆ ಎಲ್ಲರಿಗೂ ನಮಸ್ಕಾರ ಮಾಡಿದಳು. ಒಳಗೆ ಬಂದು ನನ್ನ ಹೆಗಲ ಮೇಲೆ ಗಲ್ಲ ಇಟ್ಟು, “ಬಸ್ಸಿನ್ಯಾಗ ಮೊದಲನೇ ಸಲ ತಲಿ ಎತ್ತಿ ಕುಂತಿದ್ದೆ ವೈನಿ. ನಮ್ಮೂರ ಮಲಗಿದ ಬುದ್ಧನ ಗುಡ್ಡಾ ಕಂಡ್ತು” ಎಂದಳು. ಅತ್ತೆ ಬಾಗಿಲಿಗೆ ಹೋಗಿ ಓಣಿಯನ್ನು ಒಮ್ಮೆ ನೋಡಿ, ಬಾಗಿಲು ಮುಂದೆ ಮಾಡಿದರು.

ಆ ಪೊಲೀಸ ಬಂದದ್ದು ಅದರ ಮರುದಿನ, ಖಾಕಿಯಲ್ಲಿ. ಹಾಗಾಗಿ ಓಣಿ ಪೂರ್ತಿ ಹೊರಗೆ ನಿಂತಿತ್ತು. ಒಳಗೆ ಬರ್ರಿ ಎಂದು ನನ್ನ ಗಂಡ ಕರೆದರು. ಎಲ್ಲರ ಮುಂದೆ ಕೇಳುವುದೇ ಒಳ್ಳೆಯದು ಎಂದು ಆತ ಅಂಗಳದಲ್ಲೇ ಹೊಸ ಹಗ್ಗದ ಕುರ್ಚಿಯ ಮೇಲೆ ಕೂತ. ಅತ್ತೆ ಹೊಸ್ತಿಲ ಮೇಲೆ ನಿಂತಿದ್ದರು. ಅವರ ಹಿಂದೆ ನಾನು, ನನ್ನ ಹಿಂದೆ ನಾದಿನಿ. ಆಕೆಯ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು.

“ನಿಮ್ಮ ಮಗಳು ಎರಡು ವರ್ಷ ದಿಲ್ಲ್ಯಾಗ ಇದ್ಲೇನ್ರಿ?”

ಅತ್ತೆ ಆತನನ್ನು ನೋಡಲಿಲ್ಲ. ಆತನ ಹೆಗಲಾಚೆಗೆ ಓಣಿಯನ್ನು ನೋಡಿದರು. ಗಿರಣಿಯಕ್ಕನನ್ನು, ಮುಂದಿನ ಮನೆಯಾಕೆಯನ್ನು, ಸೊಂಟದ ಮೇಲೆ ಕೂಸು ಹೊತ್ತ ಹೆಂಗಸರನ್ನು. ಸೆರಗು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡರು.

“ಇಲ್ರಿ. ನಮ್ಮ ಹುಡುಗಿ ಎಲ್ಲೀಗೂ ಹೋದಾಕಿ ಅಲ್ಲ.”

“ಅವ್ವಾ!” ಎಂದರು ನನ್ನ ಗಂಡ.

ನಾನು ಮುಂದೆ ಬಂದು ಹೇಳಿದೆ, ಆಕೆ ದಿಲ್ಲಿಯಲ್ಲಿ ಓದಿದ್ದು ಖರೆ ಎಂದು. ನಾದಿನಿ ತನ್ನ ಕಾಗದಗಳನ್ನು ತಂದು ಚಾಚಿದಳು. ಆತ ಅವನ್ನು ಒಂದೊಂದಾಗಿ ನೋಡಿ, ಮಡಚಿ, ಮರ್ಯಾದೆಯಿಂದಲೇ ವಾಪಸ್ ಕೊಟ್ಟ.

“ಕಾಗದ ಸರಿ ಅದಾವ ತಂಗಿ. ಅಣ್ಣ, ವೈನಿ ನಿನ್ನ ಪರ ಹೇಳ್ತಾರ, ಹೇಳಬೇಕಾದ್ದ. ಆದ್ರ ಹೆತ್ತ ತಾಯಿನೇ ಅಲ್ಲಿ ಇರಲೇ ಇಲ್ಲ ಅಂದ್ರ, ಮ್ಯಾಲಿನವ್ರು ಏನಂತಾರ? ದಿಲ್ಲ್ಯಾಗ ಏನೋ ಆಗ್ಯಾದ, ಮನಿ ಮಂದಿ ಮುಚ್ಚಾಕತ್ತಾರ ಅಂತಾರ. ಇನ್ನೊಮ್ಮಿ ಕೇಳ್ತೇನಿ ಯವ್ವ. ದಿಲ್ಲ್ಯಾಗ ಇದ್ಲೋ, ಇಲ್ಲೋ?”

“ಹೆಣ್ಣಿನ ಸುದ್ದಿ ತಾಯಿಗೆ ಗೊತ್ತಿರತದ” ಎಂದರು ಅತ್ತೆ. “ಚಾ ಕುಡೀರಿ, ಆರತದ.”

ಮೊದಲ ಸಲದ್ದು ತಪ್ಪು ತಿಳಿವಳಿಕೆ. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಎರಡನೆಯದು ಹಾಗಲ್ಲ. ಗಿರಣಿಯಕ್ಕನನ್ನು ಕೇಳಿದಾಗ ಆಕೆ ಅತ್ತೆಯ ಮುಖ ನೋಡಿ, “ಅವ್ರು ಹೇಳಿದ್ದ ನಂದೂ” ಎಂದಳು. ನಾದಿನಿ ಅಳಲಿಲ್ಲ. ಆತ ಕುಡಿದಿಟ್ಟ ಕಪ್ಪು-ಬಸಿಯನ್ನು ಎತ್ತಿಕೊಂಡು ಒಳಗೆ ಹೋದಳು. ಬಸಿಯಲ್ಲಿ ಸ್ವಲ್ಪ ಚಹಾ ಉಳಿದಿತ್ತು, ಅದು ಅಲುಗದಂತೆ ಹಿಡಿದುಕೊಂಡಿದ್ದಳು.

ಸಂಜೆ ನಾನು ಬಾಯಿ ಬಿಟ್ಟೆ. ಮದುವೆಯಾದ ಮೇಲೆ ಅತ್ತೆಗೆ ಎದುರಾಡಿದ್ದು ಅದೇ ಮೊದಲು. “ಯಾಕ ಹಂಗ ಮಾಡಿದ್ರಿ ಅತ್ತಿ?”

ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಅಕಿ ಒಬ್ಬಾಕಿ ಅಲ್ಲ ಈ ಮನ್ಯಾಗ. ನಿನ್ನ ಮಗಳೂ ಅದಾಳ. ನಾಳಿ ಅಕಿಗೆ ಯಾರು ಹೇಳೋರು, ಎಲ್ಲೀಗೂ ಹೋದಾಕಿ ಅಲ್ಲ ಅಂತ? ಈ ಓಣಿನ ಹೇಳಬೇಕು.” ರೊಟ್ಟಿ ತಿರುಗುತ್ತಿತ್ತು, ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ. ನನ್ನ ಮಗಳನ್ನು ನನ್ನ ಬಾಯಿ ಮುಚ್ಚಿಸಲು ಬಳಸಿದ್ದಕ್ಕೆ ನಾನು ಅವರನ್ನು ಇಂದಿಗೂ ಕ್ಷಮಿಸಿಲ್ಲ. ಅವರ ಕಾಲು ಒತ್ತುತ್ತೇನೆ, ಔಷಧಿ ಕೊಡುತ್ತೇನೆ. ಕ್ಷಮಿಸಿಲ್ಲ.

ಕೆಲಸ ಬೇರೆಯವರಿಗೆ ಹೋಯಿತು. ಮತ್ತೆ ಅರ್ಜಿ ಹಾಕು, ನಾನು ಯಾದಗಿರಿಯ ತನಕ ಬಂದು ರೈಲು ಹತ್ತಿಸುತ್ತೇನೆ ಎಂದೆ. “ಮುಂದಿನ ಸಲನೂ ಅವ್ವನ್ನೇ ಕೇಳ್ತಾರಲ್ಲ ವೈನಿ” ಎಂದಳು. ಮದುವೆಗೆ ಒಪ್ಪಿ, ಅವ್ವನಿಗೆ ಕೊಟ್ಟ ಮಾತು ಉಳಿಸಿಕೊಂಡಳು.

ಸಗರದವರು ಪದ್ಧತಿಯ ಪ್ರಕಾರ ಮೊದಲು ಗಿರಣಿಗೇ ಬಂದರು. ಗಿರಣಿಯಕ್ಕನ ಬಳಿ ಈಗ ಹೊಸ ಮಾತಿತ್ತು. “ಪೊಲೀಸ್ರು ಸುದ್ದಾ ಎರಡ ಸಲ ಬಂದು ವಿಚಾರಿಸ್ಯಾರ್ರಿ. ಸರಕಾರದ ಕಾಗದದಾಗನೇ ಬರದದ, ಹುಡುಗಿ ಎಲ್ಲೀಗೂ ಹೋಗಿಲ್ಲ ಅಂತ.” ಹುಡುಗನ ಅಜ್ಜ ಇದನ್ನು ಕೇಳಿ ತಲೆದೂಗಿದರಂತೆ. ಅಂಥ ಹೆಣ್ಣು ಈ ಕಾಲದಲ್ಲಿ ಎಲ್ಲಿ ಸಿಗುತ್ತದೆ ಎಂದರಂತೆ. ಮದುವೆಯಲ್ಲಿ ಗಿರಣಿಯಕ್ಕನಿಗೆ ಅತ್ತೆ ಸೀರೆ ಉಡಿಸಿದರು. ಆಕೆಯ ಮಗಳಿಗೂ ರಾಮಸಮುದ್ರದಲ್ಲಿ ಆಯಿತು.

ಹೋದ ಸಲ ನೀರು ಬಿಟ್ಟಾಗ ನಾನು ಸಗರಕ್ಕೆ ಹೋಗಿದ್ದೆ. ನಾದಿನಿಯ ಗಂಡನ ಜಮೀನು ಗೇಟಿನ ಮೇಲಿನ ಕಡೆಗಿದೆ. ಅವರ ಗದ್ದೆ ತುಂಬಿ, ಬದು ಮುಳುಗಿ, ನೀರು ದಾರಿಯ ಮೇಲೆ ಹರಿಯುತ್ತಿತ್ತು. ಕೊನೆಯ ಊರುಗಳಲ್ಲಿ ಗಲಾಟೆಯಾಗಿತ್ತು. ಗೇಟಿನ ಬಳಿ ಬೇವಿನ ಗಿಡದ ನೆರಳಲ್ಲಿ ಇಬ್ಬರು ಪೊಲೀಸರು ಕೂತಿದ್ದರು. ಆಕೆಯ ಅತ್ತೆ ಹೇಳಿದರೆಂದು ಆಕೆ ಅವರಿಗೆ ಕಿಟ್ಲಿಯಲ್ಲಿ ಚಹಾ ತೆಗೆದುಕೊಂಡು ಹೊರಟಳು. ಮನೆಯಿಂದ ಅಷ್ಟು ದೂರಕ್ಕೆ ಮಾತ್ರ ಆಕೆಗೆ ಒಬ್ಬಳೇ ಹೋಗಲು ಅಪ್ಪಣೆ. ನಾನೂ ಜೊತೆಗೆ ಹೋದೆ.

ಅವರಲ್ಲಿ ಹಿರಿಯವನು ಗ್ಲಾಸು ತೆಗೆದುಕೊಳ್ಳುತ್ತ ಸುಮ್ಮನೆ ಕೇಳಿದ: “ನೀರು ಬಂದ ಮ್ಯಾಲ ಈ ಜಗಳ ಮುಗಿಯೋದ ಇಲ್ಲ ನೋಡ್ರಿ ಬಾಯಿ. ಕೆಳಗಿನವ್ರಿಗೆ ತಿಳಿಸಿ ಹೇಳೋರ ಇಲ್ಲ. ನೀವು ಓದಿದವ್ರಂಗ ಕಾಣ್ತೀರಿ. ಎಲ್ಲಿ ತನಾ ಓದೀರಿ?”

ಆಕೆ ಗೇಟನ್ನು ನೋಡಿದಳು. ಕಬ್ಬಿಣದ ಹಲ್ಲುಗಳ ನಡುವಿನಿಂದ ನೀರು ಸಣ್ಣಗೆ ಜಿನುಗುತ್ತಿತ್ತು. ನಾನು ಕಾದೆ, ಏನಾದರೂ ಹೇಳುತ್ತಾಳೆ ಎಂದು.

“ನಾ ಎಲ್ಲೀಗೂ ಹೋದಾಕಿ ಅಲ್ರಿ” ಎಂದಳು.

ಅವರು ಕುಡಿದಿಟ್ಟ ಗ್ಲಾಸುಗಳನ್ನು ತೆಗೆದುಕೊಂಡು, ಕಾಲುವೆಯ ಅಂಚಿಗೆ ಕೂತು, ಒಂದೊಂದಾಗಿ ತೊಳೆದಳು.